ಕೆಂಪು ಸ್ಟೂಲಿನ ಎತ್ತರ

ಬುಗುರಿ ಫೋಟೋ ಸ್ಟುಡಿಯೋದ ಕೌಂಟರಿನ ಕೆಳಗೆ ನುಸುಳಿಬಿಟ್ಟಿದ್ದಳು. ಮೇಲೆ ದೊಡ್ಡವರು ಆಡುವ ಮಾತು ಅವಳಿಗೆ ಬೇಕಿರಲಿಲ್ಲ. ಕೆಳಗೆ ವೈರುಗಳಿದ್ದವು, ಧೂಳಿತ್ತು, ಯಾರೋ ಬೀಳಿಸಿಕೊಂಡ ಕೂದಲ ಕ್ಲಿಪ್ಪಿತ್ತು. ಎರಡು ವರ್ಷ ತುಂಬಲು ಇನ್ನೂ ಎರಡು ತಿಂಗಳಿರುವ ಮಗುವಿಗೆ ಅಷ್ಟು ಸಾಕು. ಹೊರಗೆ ಉಳಿದಿದ್ದು ಅವಳ ಕೆಂಪು ಪ್ಲಾಸ್ಟಿಕ್ ಸ್ಟೂಲು ಮಾತ್ರ. ಬಚ್ಚಲಲ್ಲಿ ಇರಬೇಕಾದ ಆ ಗೇಣುದ್ದದ ಸ್ಟೂಲನ್ನು ಅವಳು ಎಲ್ಲಿಗೆ ಹೋದರೂ ದರದರ ಎಳೆದುಕೊಂಡು ಬರುತ್ತಿದ್ದಳು.

"ಬುಗುರಿ, ಬಾ ಈಚೆ," ಅಂತ ಅಮ್ಮ ಎರಡು ಸಲ ಕರೆದಳು. ಬರುವ ಪೈಕಿಯೇ ಅಲ್ಲ. ತಿರುಗುತ್ತಾ ತಿರುಗುತ್ತಾ ಇದ್ದು ಥಟ್ಟನೆ ಒಂದು ಕಡೆ ಕುಕ್ಕರಿಸುವ ಮಗು ಅಂತಲೇ ಆ ಹೆಸರು ಬಂದದ್ದು. ಕುಕ್ಕರಿಸಿದ ಮೇಲೆ ಜಪ್ಪಯ್ಯ ಅಂದರೂ ಏಳುವುದಿಲ್ಲ.

"ನೋಡಮ್ಮ," ಅನ್ನುತ್ತಿದ್ದರು ಕೌಂಟರಿನ ಆಚೆ ನಿಂತ ಗುರುಗಳು, ಸ್ಟುಡಿಯೋದ ಯಜಮಾನರು. "ಹೊರಗಿನ ಕೆಲಸಕ್ಕೆ ಒಬ್ಬರು ಬೇಕು, ಇಲ್ಲ ಅನ್ನಲ್ಲ. ಆದ್ರೆ ಮಗು ಕಟ್ಕೊಂಡು ಆಗುತ್ತಾ? ಮದುವೆ ಮನೇಲಿ ನೀನು ಕ್ಯಾಮೆರಾ ಹಿಡೀತೀಯೋ, ಮಗು ಹಿಡೀತೀಯೋ? ಸುಮ್ನೆ ಒಳಗೆ ಕಂಪ್ಯೂಟರ್ ಮುಂದೆ ಕೂತ್ಕೊ. ಪಾಸ್‌ಪೋರ್ಟ್ ಫೋಟೋದಲ್ಲಿ ಮೊಡವೆ ಒರೆಸೋದು, ಹಿಂದಿನ ಗೋಡೆ ಬಿಳಿ ಮಾಡೋದು. ಫ್ಯಾನ್ ಕೆಳಗಿನ ಕೆಲಸ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಒಳ್ಳೇದಕ್ಕೆ ಹೇಳುವವರ ಕಾಟ ಅಷ್ಟಿಷ್ಟಲ್ಲ. ಈ ಎರಡು ವರ್ಷದಲ್ಲಿ ಅವಳ ಒಳ್ಳೇದಕ್ಕೆ ಹೇಳದವರೇ ಇರಲಿಲ್ಲ. ಏಳು ವರ್ಷ ಇದೇ ಸ್ಟುಡಿಯೋದಲ್ಲಿ ದುಡಿದವಳು, ಮದುವೆ, ಶಾಲೆ, ಕಾರ್ಖಾನೆ ಅಂತ ಸುತ್ತಿದವಳು, ಬೀದಿಯಲ್ಲಿ 'ಫೋಟೋ ಅಕ್ಕ' ಅಂತಲೇ ಕರೆಸಿಕೊಂಡವಳು. ಈಗ ಅದೇ ಬೀದಿಗೆ ಅವಳು 'ಬುಗುರಿ ಅಮ್ಮ'. ಆ ಹೆಸರೇನೂ ಅವಳಿಗೆ ಬೇಡವಾಗಿರಲಿಲ್ಲ. ಹೊಸದು ಬಂದಿತೆಂದು ಹಳೆಯದನ್ನು ಯಾಕೆ ಕಿತ್ತುಕೊಳ್ಳಬೇಕು ಅನ್ನುವುದಷ್ಟೇ ಅವಳ ತಕರಾರು.

ಹಲ್ಲು ಕಚ್ಚಿಕೊಂಡು ಅವಳು ಮಂಡಿಯೂರಿ ಕೌಂಟರಿನ ಕೆಳಗೆ ತಲೆ ತೂರಿಸಿದಳು. ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡುತ್ತಿತ್ತು. ಬರಿಗೈಲಿ ಬಂದಿಲ್ಲ ಅಂತ ತೋರಿಸಲೆಂದು ಬೇಕೆಂದೇ ಹಾಕಿಕೊಂಡು ಬಂದಿದ್ದಳು. ಬುಗುರಿ ಅಲ್ಲಿ ಅಲ್ಲಾಡದೆ ಕೂತು ಏನನ್ನೋ ನೋಡುತ್ತಿದ್ದಳು. ಅಮ್ಮನೂ ನೋಡಿದಳು.

ಮೂವತ್ತು ವರ್ಷದಲ್ಲಿ ಗುರುಗಳು ಆ ಕೌಂಟರಿನ ಹಿಂದೆ ಕೂತದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಿಂತರೆ ಅಂಗಡಿ ಮುಚ್ಚುವವರೆಗೆ ಕಂಬ. ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಹೊಳೆಯುವ ಕಪ್ಪು ಬೂಟು. ಕೈಕೆಳಗೆ ಕಲಿಯಲು ಬಂದವರಿಗೆಲ್ಲ ಮೊದಲು ಹೇಳುತ್ತಿದ್ದದ್ದೇ ಬೆನ್ನು ನೆಟ್ಟಗಿರಲಿ ಅಂತ. ಆ ಬೂಟುಗಳು ಈಗ ಒಂದು ಪಕ್ಕಕ್ಕೆ ಒರಗಿದ್ದವು, ಒಳಗೆ ಕಾಲುಚೀಲ ಮುದುರಿ ಬಿದ್ದಿತ್ತು. ಮಡಿಸಿದ ಒದ್ದೆ ಟವೆಲ್ಲಿನ ಮೇಲೆ ಎರಡು ಬರಿಗಾಲು. ಊದಿಕೊಂಡಿದ್ದವು. ಹೆಬ್ಬೆರಳಿಗೆ ಬ್ಯಾಂಡೇಜು, ಹಿಮ್ಮಡಿಯಲ್ಲಿ ಬಿರುಕು. ಒಂದು ಕಾಲು ಇನ್ನೊಂದರ ಮೇಲೆ ಹತ್ತಿ ಮೆಲ್ಲಗೆ ಉಜ್ಜಿಕೊಳ್ಳುತ್ತಿತ್ತು. ಮೇಲೆ ಮಾತ್ರ ಅದೇ ಗಟ್ಟಿ ದನಿ: "ಒಂದೊಂದು ವಯಸ್ಸಿಗೆ ಒಂದೊಂದು ಕೆಲಸ ಅಂತ ಇರುತ್ತಮ್ಮ."

ಅವಳು ಕ್ಲಿಕ್ ಅನ್ನಿಸಿಬಿಟ್ಟಳು. ಎರಡು ವರ್ಷದಲ್ಲಿ ಅವಳು ತೆಗೆದ ಮೊದಲ ಫೋಟೋ ಅದು.

"ಏನದು ಸದ್ದು?"

"ಏನಿಲ್ಲ ಗುರುಗಳೇ, ಮಗು ಏನೋ ಒತ್ತಿತು."

ಹಸಿ ಸುಳ್ಳು. ಒತ್ತಿದ್ದು ಅವಳೇ, ಸಿಟ್ಟಿಗೆ ಒತ್ತಿದ್ದು. ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಮೇಲೆದ್ದಾಗ ಅವಳ ಮಂಡಿ ತುಂಬ ಧೂಳು. ಒರೆಸಿಕೊಳ್ಳಲೂ ಇಲ್ಲ.

"ಸ್ಟುಡಿಯೋ ಮೂವತ್ತನೇ ವರ್ಷದ ಪ್ರದರ್ಶನದಲ್ಲಿ ನನಗೂ ಒಂದು ಗೋಡೆ ಇದೆಯಲ್ಲ?" ಅಂದಳು.

"ಇದೆಯಮ್ಮ. ನನ್ನ ಕೈಕೆಳಗೆ ಕಲಿತವರಿಗೆಲ್ಲ ಎಂಟೆಂಟು ಫೋಟೋ. 'ನಮ್ಮ ಊರು' ಅಂತ ಹೆಸರು. ನೀನು ಆ ಸೇತುವೆದು ಕೊಡು, ಬಹುಮಾನ ಬಂತಲ್ಲ ಅದು. ಇನ್ನೇಳು ಹಳೇದು ಹುಡುಕಿದ್ರೆ ಸಿಗುತ್ತೆ."

"ಹಳೇದು ಕೊಡಲ್ಲ. ಎಂಟೂ ಹೊಸದು ಕೊಡ್ತೀನಿ. ಅದನ್ನ ನೋಡಿ ಆಮೇಲೆ ಹೇಳಿ, ನನಗೆ ಹೊರಗಿನ ಕೆಲಸವೋ ಒಳಗಿನ ಕುರ್ಚಿಯೋ ಅಂತ."

ಗುರುಗಳು ಮಗುವನ್ನು ನೋಡಿದರು, ಸ್ಟೂಲನ್ನು ನೋಡಿದರು, ಅವಳ ಮಂಡಿ ನೋಡಿದರು. "ಮೂರು ವಾರ ಇದೆ," ಅಂದರು. "ಫೋಟೋ ನೋಡಿ ನಿನ್ನ ಹೊರಗೆ ಕಳಿಸಬಹುದು ಅನ್ನಿಸಿದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಎದುರು ಮಾತಾಡದೆ ಒಳಗೆ ಬಂದು ಕೂರಬೇಕು. ಮೂರು ಮಾತು ನೆನಪಿದೆಯೋ ಮರೆತೆಯೋ?"

"ಬೆಳಕು, ಫೋಕಸ್, ಅಂಚು," ಅಂದಳು. ಒತ್ತುವ ಮೊದಲು ಬೆಳಕು, ಫೋಕಸ್ಸು, ಚೌಕಟ್ಟಿನ ಅಂಚು ಮೂರನ್ನೂ ನೋಡಬೇಕೆಂಬುದು ಆ ಸ್ಟುಡಿಯೋದ ಮಗ್ಗಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅಲ್ಲಿ ಕಲಿತವರು ಹೇಳುತ್ತಾರೆ.

ಹೇಳಿದ್ದೇನೋ ಸರಿ, ಮಾಡುವುದು ಹೇಗೆ? ಸೇತುವೆಯ ಫೋಟೋ ಅವಳ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಮಂಜು, ಸೇತುವೆ, ಮಧ್ಯದಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುವ ಒಬ್ಬ ಮನುಷ್ಯ. ಆ ಮನುಷ್ಯ ಬರುವವರೆಗೆ ಅವಳು ನಾಲ್ಕು ಗಂಟೆ ಚಳಿಯಲ್ಲಿ ಕಾದಿದ್ದಳು. ಆಗ ಹಾಗೆ ಕಾಯುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಈಗ ಹಾಲು ಕಾಯುವವರೆಗೆ ಕಾಯಲೂ ಬಿಡುವವರಿಲ್ಲ. ಗಂಡ ಲಿಫ್ಟ್ ರಿಪೇರಿಯವನು. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಇವನೇ ಓಡಬೇಕು, ಆದ್ದರಿಂದ ಏಳಕ್ಕೆ ಹೊರಟರೆ ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ಮಗುವನ್ನು ಬಿಟ್ಟು ಹೋಗಲು ಹತ್ತಿರದಲ್ಲಿ ಅಜ್ಜಿಯೂ ಇಲ್ಲ, ಚಿಕ್ಕಮ್ಮನೂ ಇಲ್ಲ.

ಆದರೂ ಹಟಕ್ಕೆ ಬಿದ್ದು ಮೊದಲ ವಾರ ಸೇತುವೆಗೇ ಹೋದಳು. ಎರಡು ಬಸ್ಸು ಬದಲಿಸಿ, ಹೆಗಲಿಗೆ ಮಗುವಿನ ಚೀಲ, ಕುತ್ತಿಗೆಗೆ ಕ್ಯಾಮೆರಾ, ಕೈಗೆ ಮಗು, ಮಗುವಿನ ಕೈಗೆ ಸ್ಟೂಲು. ಮೊದಲ ದಿನ ಬುಗುರಿ ಬಸ್ಸಿನಲ್ಲೇ ವಾಂತಿ ಮಾಡಿದಳು. ಎರಡನೇ ದಿನ ನಿದ್ದೆ ಹೋಗಿ ಮಂಜು ಕರಗಿದ ಮೇಲೆ ಎದ್ದಳು. ಮೂರನೇ ದಿನ ಎಲ್ಲ ಸರಿಹೋಯಿತು ಅನ್ನುವಾಗ ಸೇತುವೆಯ ಬಾಯಿಯಲ್ಲೇ ಸ್ಟೂಲು ಹಾಕಿ ಕೂತು, ಕಟ್ಟೆಯ ಬಿರುಕಿನಿಂದ ಇರುವೆ ಹೊರಬರುವುದನ್ನು ನೋಡತೊಡಗಿದಳು. ಎತ್ತಿಕೊಂಡರೆ ಊರಿಗೆಲ್ಲ ಕೇಳುವಂತೆ ಅಳು. ಇಷ್ಟು ದೊಡ್ಡ ನದಿ, ಇಷ್ಟು ದೊಡ್ಡ ಸೇತುವೆ, ಈ ಮಗುವಿಗೆ ಬೇಕಾದ್ದು ಇರುವೆ.

"ನೋಡೇ, ನದಿ ನೋಡೇ," ಅಂತ ಅಮ್ಮ ಗೋಗರೆದಳು.

"ಇಲ್ಲಿ," ಅಂದಳು ಬುಗುರಿ. ಅವಳಿಗೆ ಬರುತ್ತಿದ್ದ ಆರೇಳು ಮಾತುಗಳಲ್ಲಿ ಅದೇ ದೊಡ್ಡದು. ಇಲ್ಲಿ ಅಂದರೆ ಇಲ್ಲಿ. ಇನ್ನು ಮಾತಿಲ್ಲ.

ಆ ಸಂಜೆ ಗಂಡ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ. "ಹಳೇ ಸೇತುವೇನೇ ಕೊಟ್ಟುಬಿಡೇ. ಚೆನ್ನಾಗೇ ಇದೆಯಲ್ಲ. ಯಾಕೆ ಸುಮ್ನೆ ಜೀವ ತೇಯ್ತೀಯ?"

"ಚೆನ್ನಾಗಿದ್ದವಳು ಒಬ್ಬಳು ಇದ್ದಳು, ಈಗಿಲ್ಲ, ಅಂತ ಬೋರ್ಡು ಹಾಕಿದ ಹಾಗಾಗುತ್ತೆ ರೀ," ಅಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ. ಒಳ್ಳೆಯವನೇ, ಆದರೆ ಕೆಟ್ಟುಹೋದದ್ದನ್ನೆಲ್ಲ ಮೊದಲಿದ್ದ ಹಾಗೆ ಮಾಡಿದರೆ ಸಾಕೆಂಬುದು ಅವನ ಕಸುಬಿನ ಬುದ್ಧಿ.

ಎರಡನೇ ವಾರ ಅವಳು ಬಸ್ಸು ಹತ್ತಲಿಲ್ಲ. ಬೇಸತ್ತು ಹೋಗಿದ್ದಳು, ನಿಜ ಹೇಳಬೇಕೆಂದರೆ ಹೆದರಿಯೂ ಇದ್ದಳು. ಹಾಲು ತರಲು ಹೊರಟಾಗ ಕ್ಯಾಮೆರಾ ಕುತ್ತಿಗೆಯಲ್ಲೇ ಇತ್ತು, ತೆಗೆದಿಡಲು ಮರೆತಿದ್ದಳು. ಹಾಲಿನ ಅಂಗಡಿ ನೂರೈವತ್ತು ಹೆಜ್ಜೆ. ಬುಗುರಿಯ ಜೊತೆ ಹೋದರೆ ಒಂದು ಗಂಟೆ. ಟೈಲರಮ್ಮನ ಹೊಲಿಗೆ ಅಂಗಡಿಯ ಮುಂದೆ ಸ್ಟೂಲು ಬಿತ್ತು. ಕ್ಷೌರದಂಗಡಿಯ ಹೊಸ್ತಿಲಲ್ಲಿ ಬಿತ್ತು. ಬಸ್ ಸ್ಟಾಪಿನಲ್ಲಿ ಜನರ ಕಾಲುಗಳ ನಡುವೆ ಬಿತ್ತು. ಎಬ್ಬಿಸಿದರೆ ರಾದ್ಧಾಂತ. ಕೊನೆಗೆ ಮಗುವನ್ನು ಸುಮ್ಮನಿರಿಸಲು ಯಾವ ಫೋಟೋಗ್ರಾಫರೂ ಮಾಡಬಾರದ ಕೆಲಸವನ್ನು ಅವಳು ಮಾಡಿದಳು. ಕ್ಯಾಮೆರಾವನ್ನೇ ಎರಡು ನಿಮಿಷ ಅವಳ ಕೈಗೆ ಕೊಟ್ಟಳು. ಬುಗುರಿ ತಿರುಗುವುದನ್ನೆಲ್ಲ ತಿರುಗಿಸಿದಳು, ಒತ್ತುವುದನ್ನೆಲ್ಲ ಒತ್ತಿದಳು, ಕೊನೆಗೆ ನೆಕ್ಕಿಯೂ ನೋಡಿದಳು.

ವಾಪಸು ಇಸಿದುಕೊಂಡು ಅಮ್ಮ ಲೆನ್ಸ್ ಒರೆಸಿದಳು. ನಿಲ್ಲಲು ಬಿಡದ ಮಗುವಿನ ಪಕ್ಕ ತಾನೂ ಕುಕ್ಕರಗಾಲಲ್ಲಿ ಕೂತಳು. ಬೇರೆ ದಾರಿ ಇರಲಿಲ್ಲ. ಒಂದು ಕೈಯಲ್ಲಿ ಬುಗುರಿಯ ಫ್ರಾಕಿನ ತುದಿ, ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಕಣ್ಣಿಗೆ ಹಿಡಿಯದೆ ಅಂದಾಜಿನ ಮೇಲೆ ಒತ್ತುತ್ತಾ ಹೋದಳು. ಬಿಸಿಲಿಗೆ ಹಿಂದಿನ ಪರದೆಯೂ ಕಾಣುತ್ತಿರಲಿಲ್ಲ. ಟೈಲರಮ್ಮನ ನಗುವ ಮುಖ, ಕ್ಷೌರದವನು ಕನ್ನಡಿಯಲ್ಲಿ ಗಿರಾಕಿಗೆ ತೋರಿಸುವ ಮುಖ, ಬಸ್ಸಿಗಾಗಿ ಕತ್ತು ಚಾಚಿದ ಮುಖಗಳು. ಎಷ್ಟೋ ದಿನದ ಮೇಲೆ ಬೆರಳಿಗೆ ಹುರುಪು ಬಂದಿತ್ತು. ಮನೆಗೆ ಬರುವಾಗ ಹಾಲು ತರುವುದನ್ನೇ ಮರೆತಿದ್ದಳು.

ಮಧ್ಯಾಹ್ನ ಮಗು ಮಲಗಿದ ಮೇಲೆ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಒಂದು ಮುಖವೂ ನೆಟ್ಟಗಿರಲಿಲ್ಲ. ಎಲ್ಲ ಮಸುಕು, ಎಲ್ಲ ಕಲಸುಮೇಲೋಗರ. ಕ್ಯಾಮೆರಾ ತೆಗೆದು ನೋಡಿದಳು. ಲೆನ್ಸಿನ ಪಕ್ಕದ ಪುಟ್ಟ ಗುಂಡಿಯನ್ನು ಬುಗುರಿ ಸರಿಸಿದ್ದಳು. ಅದನ್ನು ಸರಿಸಿದರೆ ಲೆನ್ಸು ತಾನಾಗಿ ಫೋಕಸ್ ಹುಡುಕುವುದನ್ನು ಬಿಟ್ಟುಬಿಡುತ್ತದೆ. ಲೆನ್ಸಿನ ಸುತ್ತಲಿನ ಫೋಕಸ್ ಬಳೆಯನ್ನು ಕೊನೆಯವರೆಗೆ ತಿರುವಿಯೂ ಇದ್ದಳು. ಒಂದೂವರೆ ಅಡಿಯಲ್ಲಿ ಇದ್ದದ್ದು ಮಾತ್ರ ಕಾಣಬೇಕು, ಅದರಾಚೆ ಎಲ್ಲ ಮಂಜು. ಬೆಳಕು, ಫೋಕಸ್, ಅಂಚು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಮಾಡದ ತಪ್ಪು. ಗುರುಗಳು ಇದನ್ನು ನೋಡಿದ್ದರೆ ಮಾತು ಬೇಕಿರಲಿಲ್ಲ, ಒಳಗಿನ ಕುರ್ಚಿಯನ್ನು ತಾವೇ ಒರೆಸಿ ತೋರಿಸುತ್ತಿದ್ದರು.

ಅವಳು ಅತ್ತಳು. ಮಗು ಏಳಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಅಳಿಸಲು ಕೂತಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬೆರಳು ನಿಂತಿತು.

ಟೈಲರಮ್ಮನ ಮುಖ ದೂರದಲ್ಲಿ ಬರೀ ಒಂದು ಬಣ್ಣದ ಮಚ್ಚೆ. ಆದರೆ ಮುಂದೆ, ಬುಗುರಿ ಕೂತಿದ್ದ ಕಡೆ, ಮಿಷನ್ನಿನ ಪೆಡಲಿನ ಮೇಲಿದ್ದ ಅವಳ ಪಾದ ಕೂದಲೆಳೆಯೂ ಕಾಣುವಂತೆ ಸ್ಪಷ್ಟವಾಗಿತ್ತು. ಹಿಮ್ಮಡಿಗೆ ಹಸಿರು, ನೀಲಿ, ಹಳದಿ ನೂಲಿನ ತುಣುಕುಗಳು ಅಂಟಿಕೊಂಡಿದ್ದವು. ಬೆರಳುಗಳು ಪೆಡಲನ್ನು ಹಕ್ಕಿ ಕೊಂಬೆ ಹಿಡಿದಂತೆ ಹಿಡಿದಿದ್ದವು. ಹತ್ತು ವರ್ಷದಿಂದ ಅವಳ ಹತ್ತಿರವೇ ರವಿಕೆ ಹೊಲಿಸುತ್ತಿದ್ದವಳು ಆ ಕಾಲನ್ನು ನೋಡಿಯೇ ಇರಲಿಲ್ಲ. ಮುಂದಿನದು ತೆರೆದಳು. ಕ್ಷೌರದ ಗಿರಾಕಿಯ ಮುಖವಿಲ್ಲ, ಬಿಳಿ ಬಟ್ಟೆಯ ಕೆಳಗಿನಿಂದ ಹೊರಬಂದ ಒಂದು ಮುದಿ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದಿತ್ತು. ಆ ವಯಸ್ಸಿನ ಮನುಷ್ಯನಿಗೆ ಕತ್ತರಿಯ ಭಯ. ಅದು ಮೇಲೆ ಕನ್ನಡಿಯ ಎದುರು ನಿಂತವರಿಗೆ ಗೊತ್ತಾಗುವುದಿಲ್ಲ.

ಕೌಂಟರಿನ ಕೆಳಗಿನ ಫೋಟೋ ಇನ್ನೂ ಕಾರ್ಡಿನಲ್ಲೇ ಇತ್ತು. ಅದನ್ನೂ ತೆರೆದಳು, ಬಹಳ ಹೊತ್ತು ನೋಡಿದಳು. ಆ ದಿನದ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಎರಡು ಕಾಲು, ಒಂದು ಇನ್ನೊಂದನ್ನು ಸಮಾಧಾನ ಮಾಡುತ್ತಿತ್ತು, ಅಷ್ಟೇ. ಮಗು ಅವತ್ತೂ ಇದನ್ನೇ ನೋಡುತ್ತಾ ಕೂತಿತ್ತಲ್ಲ ಅಂತ ಅವಳಿಗೆ ಆಗ ಹೊಳೆಯಿತು.

ಬುಗುರಿ ಎದ್ದಾಗ ಅಮ್ಮ ಲೆನ್ಸಿನ ಬಳೆಗೆ ಗಂಡನ ಪೆಟ್ಟಿಗೆಯಿಂದ ತೆಗೆದ ಕಪ್ಪು ಟೇಪು ಸುತ್ತುತ್ತಿದ್ದಳು. ಒಂದೂವರೆ ಅಡಿಗೆ ಸರಿಯಾಗಿ. ಇನ್ನು ಯಾರು ತಿರುವಿದರೂ ಅದು ತಿರುಗುವ ಹಾಗಿರಲಿಲ್ಲ.

ಆಮೇಲೆ ಹತ್ತು ದಿನ ಆ ಬೀದಿಯಲ್ಲಿ ಇವರಿಬ್ಬರದೇ ಕಾರುಬಾರು. ಎಲ್ಲಿ ಹೋಗಬೇಕೆಂದು ಅಮ್ಮ ಕೇಳುತ್ತಲೇ ಇರಲಿಲ್ಲ. ಸ್ಟೂಲು ಎಲ್ಲಿ ಬೀಳುತ್ತದೋ ಅಲ್ಲೇ ಅವಳೂ ಕೂರುವುದು. ಬಳೆ ತಿರುಗುವುದಿಲ್ಲವಾದ್ದರಿಂದ ಏನು ತೆಗೆಯಬೇಕಾದರೂ ಒಂದೂವರೆ ಅಡಿ ಹತ್ತಿರಕ್ಕೆ ಅವಳೇ ತೆವಳಿಕೊಂಡು ಹೋಗಬೇಕು. ಒಬ್ಬ ದೊಡ್ಡ ಹೆಂಗಸು ನಿಮ್ಮ ಮಂಡಿಯ ಹತ್ತಿರ ಹೀಗೆ ಬಂದು ಕೂತರೆ ನೀವು ಎದ್ದು ಹೋಗುತ್ತೀರಿ. ಪಕ್ಕದಲ್ಲೊಂದು ಮಗು ನಿಮ್ಮ ಚಪ್ಪಲಿಯ ಬಕಲನ್ನು ಪರೀಕ್ಷೆ ಮಾಡುತ್ತಿದ್ದರೆ ಏಳುವುದಿಲ್ಲ. ತೆಗೆಯಲೇ ಅಂತ ಕೇಳಿದರೆ, "ನನ್ನ ಕಾಲು ಯಾಕಮ್ಮ, ಮುಖ ತೆಗಿ," ಅಂತ ನಕ್ಕು ಸುಮ್ಮನೆ ಕೂತಿರುತ್ತೀರಿ.

ಬ್ಯಾಂಕಿನ ಸಾಲಿನಲ್ಲಿ ಒಬ್ಬಾತ ಬೆನ್ನ ಹಿಂದೆ ಅರ್ಜಿಯನ್ನು ಸುರುಳಿ ಸುತ್ತುತ್ತಾ ಬಿಚ್ಚುತ್ತಾ ಇದ್ದ. ಅದರ ಅಂಚೆಲ್ಲ ಬೆವರಿಗೆ ಬಟ್ಟೆಯಂತಾಗಿತ್ತು. ಬಸ್ ಸ್ಟಾಪಿನಲ್ಲಿ ಚೀಲದ ಹಿಡಿ ಕೊರೆದು ಕೆಂಪು ಗೆರೆ ಬಿದ್ದ ಬೆರಳುಗಳು. ಒಂದು ಭಾನುವಾರ ಗಂಡ ತಮ್ಮದೇ ಕಟ್ಟಡದ ಲಿಫ್ಟ್ ಬಿಚ್ಚಿಕೊಂಡು ಕೂತಿದ್ದಾಗ ಬುಗುರಿ ಅಲ್ಲೂ ಸ್ಟೂಲು ಹಾಕಿದಳು. ಅಪ್ಪ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ, ಆದ್ದರಿಂದ ಬೇಡ ಅನ್ನಲು ಆಗಲಿಲ್ಲ. ಗ್ರೀಸು ಮೆತ್ತಿದ ಅವನ ಕೈ ಒಂದು ಸಣ್ಣ ತಂತಿಯನ್ನು ಮಗುವಿನ ಕೂದಲು ಬಿಡಿಸುವಷ್ಟು ಮೆತ್ತಗೆ ಬಿಡಿಸುತ್ತಿತ್ತು. ಆ ಫೋಟೋ ನೋಡಿ ಅವನು, "ಇದು ನನ್ನ ಕೈಯಾ?" ಅಂತ ಎರಡು ಸಲ ಕೇಳಿದ.

ಪ್ರದರ್ಶನ ಇದ್ದದ್ದು ಗ್ರಂಥಾಲಯದ ಹಾಲಿನಲ್ಲಿ. ಗುರುಗಳು ಮೊದಲೇ ಸುತ್ತ ದಾರ ಹಿಡಿಸಿ ಮೊಳೆ ಹೊಡೆಸಿದ್ದರು, ಎಲ್ಲ ಐದಡಿ ಎತ್ತರಕ್ಕೆ. ಫೋಟೋ ಅಂದರೆ ಮನುಷ್ಯ ನಿಂತು ನೋಡುವಂತಿರಬೇಕು ಅನ್ನುವುದು ಅವರ ಇನ್ನೊಂದು ಮಗ್ಗಿ. ಬಾಗಿಲು ತೆರೆಯುವ ಬೆಳಿಗ್ಗೆ ಅವಳು ಕಟ್ಟು ಹಾಕಿಸಿದ ಎಂಟು ಫೋಟೋ, ಗಂಡ, ಮಗು, ಸ್ಟೂಲು ಸಮೇತ ಬಂದಳು. ಗಂಡನ ಕೈಯಲ್ಲಿ ಸುತ್ತಿಗೆ ಇತ್ತು.

"ಮೊಳೆ ಇದೆಯಲ್ಲೇ," ಅಂದ ಅವನು. "ಸುತ್ತಿಗೆ ಯಾಕೆ ತರೋಕೆ ಹೇಳಿದೆ?"

ಅವಳು ಬುಗುರಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು, ಮಗುವಿನ ಕಣ್ಣಿನ ನೇರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. "ಇಲ್ಲಿ," ಅಂದಳು.

"ಇಲ್ಲಿ," ಅಂತ ಬುಗುರಿಯೂ ಒಪ್ಪಿದಳು.

ಗಂಡ ಅವಳ ಮುಖ ನೋಡಿದ. ಏನೋ ಹೇಳಲು ಹೊರಟವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಮಂಡಿಯೂರಿದ.

ಹನ್ನೊಂದಕ್ಕೆ ಜನ ಬರತೊಡಗಿದರು. ಬೇರೆ ಗೋಡೆಗಳಲ್ಲಿ ಸೂರ್ಯಾಸ್ತ, ಕೆರೆ, ಗಡಿಯಾರದ ಗೋಪುರ, ಎಲ್ಲ ಐದಡಿಯಲ್ಲಿ ಸಾಲಾಗಿ ನಿಂತಿದ್ದವು. ಇವಳ ಗೋಡೆಯ ಮೇಲಿನ ಮೊಳೆಗಳು ಖಾಲಿ. ಜನ ಮೊದಲು ಆ ಖಾಲಿ ಮೊಳೆ ನೋಡುತ್ತಿದ್ದರು, ಆಮೇಲೆ ಕತ್ತು ಬಗ್ಗಿಸುತ್ತಿದ್ದರು, ಆಮೇಲೆ ಸೊಂಟ, ಆಮೇಲೆ ಬೇರೆ ವಿಧಿಯಿಲ್ಲದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಟೈಲರಮ್ಮ ಅಂಗಡಿ ಮುಚ್ಚಿ ಬಂದಿದ್ದಳು. ತನ್ನ ಕಾಲಿನ ಮುಂದೆ ನೆಲಕ್ಕೇ ಚಕ್ಕಳಮಕ್ಕಳ ಹಾಕಿ ಕೂತು ಪಕ್ಕದವರಿಗೆಲ್ಲ ವಿವರಿಸುತ್ತಿದ್ದಳು: "ಹಳದಿ ನೂಲು ನೋಡಿ, ಅದು ಆ ಶಾಲೆ ಯೂನಿಫಾರಂದು. ನೀಲಿ ನನ್ನ ಮಗಳ ಲಂಗದ್ದು. ಫೋಟೋ ಅಕ್ಕ, ನನಗೂ ಒಂದು ಕಾಪಿ ಬೇಕು."

ಅಷ್ಟರಲ್ಲಿ ಗುರುಗಳು ಬಂದರು. ಇಸ್ತ್ರಿ ಅಂಗಿ, ಮಿರಮಿರ ಬೂಟು. ಗೋಡೆಯ ಮುಂದೆ ನೆಟ್ಟಗೆ ನಿಂತರು.

"ಇದೇನು ಅವತಾರ? ಮೇಲಕ್ಕೆ ಹಾಕು."

"ಆಗಲ್ಲ ಗುರುಗಳೇ."

"ಆಗಲ್ಲ ಅಂದ್ರೆ? ಎಲ್ಲರಿಗೂ ಒಂದು, ನಿನಗೊಂದಾ? ಜನ ನೆಲದ ಮೇಲೆ ಬೀಳ್ತಿದಾರೆ. ಅಲ್ಲದೆ..." ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಇದರಲ್ಲಿ ಫೋಕಸ್ಸೇ ಇಲ್ಲ. ಒಂದು ಮುಖ ನೆಟ್ಟಗಿಲ್ಲ. ಇಷ್ಟು ವರ್ಷ ನಾನು ಕಲಿಸಿದ್ದು ಇದನ್ನಾ?"

"ಫೋಕಸ್ ಇದೆ. ನೀವು ನಿಂತ ಕಡೆಯಿಂದ ಕಾಣಲ್ಲ."

ಗಂಡ ಹಿಂದಿನಿಂದ ಮೆಲ್ಲಗೆ ಕೆಮ್ಮಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. "ಹೊರಗಿನ ಕೆಲಸ ಕೊಡೋದು ಬಿಡೋದು ನಿಮ್ಮಿಷ್ಟ. ಕೊಡದಿದ್ರೆ ಕುರ್ಚಿಗೂ ನಾನು ಬರಲ್ಲ. ಎದುರು ಮಾತಾಡಬಾರದು ಅಂದಿದ್ರಿ, ಮಾತಾಡ್ತಿದೀನಿ. ನನಗೆ ಕೆಲಸ ಕಲಿಸಿದ್ದು ನೀವು, ಅದನ್ನ ಸಾಯೋವರೆಗೂ ಹೇಳ್ತೀನಿ. ಆದ್ರೆ ಇನ್ನೊಬ್ಬರ ಮೊಡವೆ ಒರೆಸ್ತಾ ಕೂರಲ್ಲ. ಈ ಮಗು ಜೊತೇಲೇ ತೆಗೀತೀನಿ, ಇಲ್ಲಿಂದಲೇ ತೆಗೀತೀನಿ. ನಿಮ್ಮ ಸ್ಟುಡಿಯೋ ಹೆಸರಲ್ಲಿ ಆಗದಿದ್ರೆ ನನ್ನ ಹೆಸರಲ್ಲಿ."

ಗುರುಗಳ ಕೆನ್ನೆ ಅಲುಗಿತು. ಅವರು ಬಗ್ಗಿ ನೋಡಲು ಹೋದರು, ಅರ್ಧಕ್ಕೆ ಸೊಂಟ ಹಿಡಿಯಿತು, ಗೋಡೆಗೆ ಕೈ ಊರಿ ನಿಂತುಬಿಟ್ಟರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಅವಳು ಬುಗುರಿಯ ಕೈಯಿಂದ ಸ್ಟೂಲು ಬಿಡಿಸಿಕೊಂಡಳು. ಮಗು ಯಾಕೋ ಅಳಲಿಲ್ಲ. ಸ್ಟೂಲನ್ನು ಗುರುಗಳ ಹಿಂದೆ ಇಟ್ಟು, ಮೊಣಕೈಗೆ ಕೈಕೊಟ್ಟು, "ಕೂತ್ಕೊಳ್ಳಿ," ಅಂದಳು. ಅದು ಕೇಳಿಕೊಂಡ ಹಾಗಿರಲಿಲ್ಲ, ಜ್ವರ ಬಂದವರಿಗೆ ಹೇಳುವ ಹಾಗಿತ್ತು. ಮೂವತ್ತು ವರ್ಷ ಯಾರ ಮುಂದೆಯೂ ಕೂರದ ಮನುಷ್ಯ ಆ ಗೇಣುದ್ದದ ಕೆಂಪು ಸ್ಟೂಲಿನ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತರು.

ಅವರ ಮುಖದ ನೇರಕ್ಕೆ ಸಿಕ್ಕಿದ್ದು ಎಂಟನೆಯ ಫೋಟೋ. ಅದರ ಕೆಳಗೆ ಹೆಸರಿರಲಿಲ್ಲ. ಯಾವ ಫೋಟೋದ ಕೆಳಗೂ ಅವಳು ಹೆಸರು ಹಾಕಿರಲಿಲ್ಲ. ಒದ್ದೆ ಟವೆಲ್ಲು, ಒರಗಿದ ಬೂಟು, ಒಂದರ ಮೇಲೊಂದು ಹತ್ತಿದ ಎರಡು ಕಾಲು. ಇದನ್ನು ಹಾಕಬೇಕೋ ಬೇಡವೋ ಎಂದು ಅವಳು ಮೂರು ದಿನ ಒದ್ದಾಡಿದ್ದಳು. ಕೇಳಿದ್ದರೆ ಅವರು ಬೇಡ ಅನ್ನುತ್ತಿದ್ದರು. ಹಾಕದಿದ್ದರೆ ತಾನು ಕಂಡದ್ದನ್ನು ತಾನೇ ಬಚ್ಚಿಟ್ಟ ಹಾಗಾಗುತ್ತಿತ್ತು. ಆ ಕಾಲು ಯಾರದೆಂದು ಗೊತ್ತಾಗುವುದು ಊರಲ್ಲೆಲ್ಲ ಒಬ್ಬರಿಗೇ. ಬೈದರೆ ಬೈಯಲಿ, ಅವರ ಎದುರಿಗೇ ಇಳಿಸಿದರಾಯಿತು ಅಂತ ಕೊನೆಗೆ ತಂದಿದ್ದಳು.

ಗುರುಗಳು ನೋಡಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದರು. ಸುತ್ತ ನಿಂತವರು ಅವರು ಈಗ ಸಿಡಿಯುತ್ತಾರೆ, ಆಗ ಸಿಡಿಯುತ್ತಾರೆ ಅಂತ ಕಾದರು.

"ಯಾವತ್ತು ಇದು?" ಅವಳಿಗೆ ಮಾತ್ರ ಕೇಳುವ ಹಾಗೆ ಕೇಳಿದರು.

"ಒಳಗೆ ಕೂತ್ಕೊ ಅಂದ್ರಲ್ಲ, ಅವತ್ತು." ಅವಳೂ ಪಕ್ಕದಲ್ಲಿ ಮಂಡಿಯೂರಿದ್ದಳು. "ತೆಗೆದಿಡಲಾ?"

ಟೈಲರಮ್ಮ ಆಚೆಯಿಂದ ಬಗ್ಗಿ ನೋಡಿ, "ಪಾಪ, ದಿನವಿಡೀ ನಿಂತು ದುಡಿಯೋರ ಕಾಲು," ಅಂದಳು. ಗುರುಗಳು ಅವಳ ಕಡೆ ತಿರುಗಲಿಲ್ಲ. ಸುತ್ತಲಿನ ಜನ ಕಾದು ಬೇಸತ್ತು ಒಬ್ಬೊಬ್ಬರಾಗಿ ಬೇರೆ ಗೋಡೆಗೆ ಹೋದರು. ಆಮೇಲೆ, ಫೋಟೋದಿಂದ ಕಣ್ಣು ತೆಗೆಯದೆ, ಅವರು ಬಲಗಾಲನ್ನು ಬೂಟಿನಿಂದ ಮೆಲ್ಲಗೆ ಹೊರಗೆ ಎಳೆದರು. ಆಮೇಲೆ ಎಡಗಾಲು.

ಇಷ್ಟಕ್ಕೇ ಕಾದಿದ್ದವಳಂತೆ ಬುಗುರಿ ಬಂದು ಖಾಲಿಯಾದ ಒಂದು ಬೂಟಿನೊಳಗೆ ತನ್ನ ಕಾಲಿಟ್ಟಳು, ಇನ್ನೊಂದು ಕಾಲಿಗೆ ಜಾಗ ಹುಡುಕುತ್ತಾ ಗುರುಗಳ ಮಂಡಿ ಹಿಡಿದುಕೊಂಡಳು. ಅಮ್ಮನ ಕೈ ಕ್ಯಾಮೆರಾಕ್ಕೆ ಹೋಯಿತು. ಒಂದೂವರೆ ಅಡಿ ಸರಿಯಾಗಿ ಇತ್ತು. ಕ್ಲಿಕ್ ಅನ್ನುವ ಸದ್ದು ಗುರುಗಳಿಗೆ ಕೇಳಿಸಿತು. ಈ ಸಲ ಏನದು ಅಂತ ಅವರು ಕೇಳಲಿಲ್ಲ, ಕಾಲನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.